ಓಟ ಎರಡು ನಿಮಿಷ, ಓದು ಇಡೀ ದಿನ



ಮುಂಬಯಿಯ ಮಹಾಲಕ್ಷ್ಮಿಯಲ್ಲಾಗಲಿ ಹೈದರಾಬಾದಿನ ಮಲಕ್‌ಪೇಟೆಯಲ್ಲಾಗಲಿ, ರೇಸ್ ಇರುವ ದಿನ ಆ ಕಡೆ ಹೋದವರು ಇದನ್ನು ನೋಡಿಯೇ ಇರುತ್ತೀರಿ. ಕೈಯಲ್ಲಿ ರೇಸ್ ಪುಸ್ತಕ, ಬೆರಳ ಸಂದಿಯಲ್ಲಿ ಪೆನ್ನು. ಪರೀಕ್ಷೆಗೆ ಹೊರಟ ಹುಡುಗರಂತೆ ಜನ ಓದುತ್ತಾ ನಿಂತಿರುತ್ತಾರೆ. ಕುದುರೆ ಓಡುವುದು ಒಂದೆರಡು ನಿಮಿಷ, ಓದು ಮಾತ್ರ ಇಡೀ ದಿನ! ಈ ಓದನ್ನೇ ಒಂದು ಉದ್ಯಮವಾಗಿ ಕಟ್ಟಿದವರೊಬ್ಬರ ಕಥೆ ಇವತ್ತು ನಿಮಗಾಗಿ.

ಅವರ ಹೆಸರು ಫಿಲ್ ಬುಲ್. 1910ರಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ, ಹೆಮ್ಸ್‌ವರ್ತ್ ಎಂಬ ಗಣಿ ಊರಿನಲ್ಲಿ ಹುಟ್ಟಿದವರು. ತಂದೆ ಕಲ್ಲಿದ್ದಲು ಗಣಿಯಲ್ಲಿ ದುಡಿದವರು. ಮಗ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಗಣಿತ ಓದಿ ಶಾಲಾ ಮೇಷ್ಟ್ರಾದರು. ಮನಸ್ಸು ಮಾತ್ರ ರೇಸಿನ ಮೇಲೆ.

ಯಾವ ಕುದುರೆ ಗೆದ್ದಿತು ಎಂದು ಎಲ್ಲರೂ ಕೇಳುತ್ತಿದ್ದರೆ, ಎಷ್ಟು ಹೊತ್ತಿನಲ್ಲಿ ಓಡಿತು ಎಂದು ಬುಲ್ ಕೇಳಿದರು. ಸೋಮಾರಿ ಕುದುರೆಗಳ ನಡುವೆ ಮೊದಲು ಬಂದರೆ ಅದೇನು ದೊಡ್ಡ ಮಾತು? ನೆಲ ಒದ್ದೆಯಿತ್ತೇ, ಬೆನ್ನ ಮೇಲೆ ಭಾರ ಎಷ್ಟಿತ್ತು, ಎಲ್ಲವೂ ಲೆಕ್ಕಕ್ಕೆ ಬರಬೇಕು. ಈ ಲೆಕ್ಕವನ್ನು ಅವರು ಮೊದಲು ಮಾರಿದ್ದು ವಿಲಿಯಂ ಕೆ. ಟೆಂಪಲ್ ಎಂಬ ಬೇರೆ ಹೆಸರಿನಲ್ಲಿ. ಮೇಷ್ಟ್ರು ಜೂಜಿನ ಲೆಕ್ಕ ಮಾರುವುದೆಂದರೆ ಸಾಮಾನ್ಯವೇ! ಕೊನೆಗೆ ಕೆಲಸ ಬಿಟ್ಟರು. ತಮ್ಮ ಲೆಕ್ಕದ ಮೇಲೆ ತಾವೇ ಬಾಜಿ ಕಟ್ಟಿ ಹಣ ಮಾಡಿದರು, ಕುದುರೆಗಳನ್ನೂ ಸಾಕಿದರು. 1948ರಲ್ಲಿ ಹ್ಯಾಲಿಫ್ಯಾಕ್ಸ್ ಊರಿನಲ್ಲಿ 'ಟೈಮ್‌ಫಾರ್ಮ್' ಪ್ರಕಾಶನ ಸಂಸ್ಥೆ ಆರಂಭಿಸಿದರು.

ಟೈಮ್‌ಫಾರ್ಮ್ ಪ್ರತಿ ಕುದುರೆಗೂ ಪೌಂಡ್ ತೂಕದ ಲೆಕ್ಕದಲ್ಲಿ ಒಂದು ಅಂಕಿ ಕೊಡುತ್ತದೆ. 1965ರಲ್ಲಿ ಸೀ ಬರ್ಡ್ ಎಂಬ ಕುದುರೆಗೆ ಸಿಕ್ಕಿದ್ದು 145. ಅದನ್ನು ದಾಟಲು 2012ರಲ್ಲಿ ಫ್ರಾಂಕೆಲ್ ಬರಬೇಕಾಯಿತು, 147ರೊಂದಿಗೆ. ನಂಬಲಾಗದ ಕುದುರೆಯ ಅಂಕಿಯ ಪಕ್ಕದಲ್ಲಿ ಹಾವಿನಂತೆ ಸುತ್ತಿಕೊಂಡ ಒಂದು ಗುರುತು ಹಾಕುತ್ತಾರೆ. ತೀರಾ ಕೆಟ್ಟದ್ದಕ್ಕೆ ಅಂಥವು ಎರಡು! ಲಕ್ಷಗಟ್ಟಲೆ ಕೊಟ್ಟು ಕುದುರೆ ಕೊಂಡವರಿಗೆ ಇದನ್ನು ನೋಡಿ ಹೇಗಾಗಿರಬೇಕು, ನೀವೇ ಊಹಿಸಿ.

ಇಲ್ಲೊಂದು ತೊಡಕಿದೆ, ಮಿತ್ರರೇ. ಬಾಜಿ ಕಟ್ಟುವವರು ಅವರೇ, ಪುಸ್ತಕ ಅಚ್ಚು ಹಾಕುವವರು ಅವರೇ, ಕುದುರೆಯ ಯಜಮಾನರೂ ಅವರೇ. ಸಾಲದ್ದಕ್ಕೆ ಪ್ರಸಿದ್ಧ ಬುಕ್‌ಮೇಕರ್ ವಿಲಿಯಂ ಹಿಲ್ ಅವರ ಸ್ನೇಹಿತ. ಇಂಥವರ ತಕ್ಕಡಿಯನ್ನು ಜನ ಹೇಗೆ ನಂಬಿದರು? ಅಚ್ಚಾದ ಅಂಕಿಯನ್ನು ಅಡಗಿಸಿಡಲಾಗದು. ತಪ್ಪಿದ್ದರೆ ಮುಂದಿನ ರೇಸೇ ಹೇಳಿಬಿಡುತ್ತದೆ. ಕಾಪಾಡಿದ್ದು ಅದೇ.

1961ರಲ್ಲಿ ಡಾಂಕಾಸ್ಟರ್‌ನಲ್ಲಿ ಎರಡು ವರ್ಷದ ಕುದುರೆಗಳಿಗಾಗಿ ಟೈಮ್‌ಫಾರ್ಮ್ ಗೋಲ್ಡ್ ಕಪ್ ಶುರು ಮಾಡಿಸಿದರು. ಮುಂದೆ ಅದಕ್ಕೆ ಪ್ರಾಯೋಜಕರಾಗಿ ಬಂದವರಲ್ಲಿ ಒಂದು ದಿನಪತ್ರಿಕೆಯೂ ಒಂದು ಬಾಜಿ ಕಂಪನಿಯೂ ಇದ್ದವು. 1980ರಲ್ಲಿ ಬುಲ್ ಕುದುರೆ ಓಟದ ಸಲಹಾ ಮಂಡಳಿಯ ಅಧ್ಯಕ್ಷರಾದರು. ಕೆಲವೇ ತಿಂಗಳಲ್ಲಿ ರಾಜೀನಾಮೆ! ಅಂಕಿಗಳು ಕೇಳಿದಷ್ಟು ಸುಲಭವಾಗಿ ಸಮಿತಿಯವರು ಮಾತು ಕೇಳುವುದಿಲ್ಲ ನೋಡಿ. 1989ರಲ್ಲಿ ಅವರು ತೀರಿಕೊಂಡರು. 2006ರಲ್ಲಿ ಟೈಮ್‌ಫಾರ್ಮನ್ನು ಕೊಂಡದ್ದು ಬೆಟ್‌ಫೇರ್ ಎಂಬ ಬಾಜಿ ಕಂಪನಿ. ತಕ್ಕಡಿ ಕೊನೆಗೆ ಅಂಗಡಿಯವರ ಕೈ ಸೇರಿತು.

ನಮ್ಮ ದೇಶದಲ್ಲೂ ಈ ಚರ್ಚೆ ನಡೆದಿದೆ. ತಮಿಳುನಾಡಿನಿಂದ ಹೋದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1996ರಲ್ಲಿ, ಕುದುರೆ ರೇಸು ಮುಖ್ಯವಾಗಿ ಕೌಶಲದ ಆಟ ಎಂದಿತು. ಸರಿಯೇ. ಆ ಕೌಶಲಕ್ಕಾಗಿ ಬುಲ್ ಇಡೀ ಆಯುಷ್ಯ ತೆತ್ತರು, ಲೆಕ್ಕಕ್ಕೆ ಸಿಬ್ಬಂದಿಯನ್ನೇ ಇಟ್ಟುಕೊಂಡರು. ಸಂಬಳದ ದಿನ ಸಂಜೆ, ಇಪ್ಪತ್ತು ನಿಮಿಷ ಪುಸ್ತಕ ತಿರುವಿ ಕೌಂಟರಿನ ಮುಂದೆ ನಿಂತವರ ಜೇಬಿನಲ್ಲಿರುವುದು ಮಾತ್ರ ಮನೆ ಬಾಡಿಗೆ. ಕೌಶಲ ಆಟದಲ್ಲಿದ್ದರೆ ಸಾಲದು, ಆಡುವವನಲ್ಲೂ ಇರಬೇಕಲ್ಲವೇ? ಈ ಮಾತನ್ನು ಮನೆಯಲ್ಲಿ ಯಾರಿಗಾದರೂ ಹೇಳಬೇಕಿದ್ದರೆ, ಈ ವಾರವೇ ಹೇಳಿ.