ದೂರದರ್ಶಕದ ಗುಡ್ಡ ಮತ್ತು ಅದರ ಉಳಿದರ್ಧ
(ಉಪನ್ಯಾಸದ ಬರಹರೂಪ)



ಕೆನಡಾದ ಟೊರಾಂಟೊ ನಗರದ ಉತ್ತರಕ್ಕೆ ರಿಚ್ಮಂಡ್ ಹಿಲ್ ಎಂಬ ಊರಿದೆ. 1935ರ ಮೇ 31ರಂದು ಅಲ್ಲಿ ಡೇವಿಡ್ ಡನ್ಲಪ್ ವೀಕ್ಷಣಾಲಯ ಉದ್ಘಾಟನೆಗೊಂಡಾಗ ಸುತ್ತಲೂ ಇದ್ದುದು ಹೊಲಗಳು, ಕತ್ತಲೆ. ಚಿನ್ನದ ಗಣಿಯಿಂದ ಶ್ರೀಮಂತರಾಗಿದ್ದ ಡನ್ಲಪ್ 1924ರಲ್ಲಿ ತೀರಿಕೊಂಡಿದ್ದರು. ಅವರ ಸ್ಮರಣೆಗಾಗಿ ಪತ್ನಿ ಜೆಸ್ಸಿ ಡೊನಾಲ್ಡಾ ಇದನ್ನು ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಕೊಡುಗೆಯಾಗಿ ನೀಡಿದರು. 74 ಅಂಗುಲ ವ್ಯಾಸದ ಕನ್ನಡಿಯುಳ್ಳ ಆ ದೂರದರ್ಶಕವು ಅಂದು ಜಗತ್ತಿನಲ್ಲೇ ಎರಡನೆಯ ದೊಡ್ಡದು.

ವಿದ್ಯಾರ್ಥಿಗಳು ಗಮನಿಸಬೇಕಾದ ಕೆಲಸವೊಂದು ಇಲ್ಲಿ ನಡೆಯಿತು. ಹಂಸ ನಕ್ಷತ್ರಪುಂಜದ ಒಂದು ನೀಲಿ ತಾರೆಯ ಬೆಳಕನ್ನು ಟಾಮ್ ಬೋಲ್ಟನ್ 1971ರಲ್ಲಿ ವರ್ಣಪಟಲವಾಗಿ ಬಿಡಿಸಿ ನೋಡಿದರು. ಗೆರೆಗಳು ಅತ್ತಿತ್ತ ಸರಿಯುತ್ತಿದ್ದವು. ಅಂದರೆ ತಾರೆಯು ಐದೂವರೆ ದಿನಕ್ಕೊಮ್ಮೆ ಯಾವುದೋ ಕಾಣದ ಭಾರವನ್ನು ಸುತ್ತುತ್ತಿತ್ತು. ಅದು ಕಪ್ಪುಕುಳಿ! ಅದೇ ಸಮಯದಲ್ಲಿ ಇಂಗ್ಲೆಂಡಿನ ವೆಬ್‌ಸ್ಟರ್ ಮತ್ತು ಮರ್ಡಿನ್ ಸಹ ಸ್ವತಂತ್ರವಾಗಿ ಇದೇ ತೀರ್ಮಾನಕ್ಕೆ ಬಂದರು.

ಅಷ್ಟರಲ್ಲಿ ಟೊರಾಂಟೊ ಬೆಳೆಯುತ್ತ ಗುಡ್ಡದ ಬುಡಕ್ಕೇ ಬಂದಿತ್ತು. ದೀಪಗಳ ಹಾವಳಿಯನ್ನು ತಡೆಯಲು ಊರಿನ ಪುರಸಭೆ ನಿಯಮವನ್ನೂ ಮಾಡಿತು. ಆದರೂ ಆಕಾಶ ಮಸುಕಾಯಿತು. 2008ರಲ್ಲಿ ವಿಶ್ವವಿದ್ಯಾಲಯವು ಸುಮಾರು 189 ಎಕರೆಯನ್ನು, ವೀಕ್ಷಣಾಲಯದ ಸಮೇತ, ಗೃಹನಿರ್ಮಾಣ ಸಂಸ್ಥೆಯೊಂದಕ್ಕೆ 7 ಕೋಟಿ ಡಾಲರಿಗೆ ಮಾರಿತು. ಆ ಹಣವನ್ನು ಖಗೋಳ ಸಂಶೋಧನೆಗೇ ತೊಡಗಿಸಿತೆಂಬುದನ್ನೂ ಹೇಳುವುದು ನ್ಯಾಯ. ಆದರೆ ಆ ನೆಲದ ಮೇಲೆ ದೂರದರ್ಶಕ ಮಾತ್ರವಲ್ಲ, ಮರಗಳ ತೋಪುಗಳೂ ಹುಲ್ಲುಗಾವಲೂ ಜಿಂಕೆಗಳೂ ಇದ್ದವು. ಕಟ್ಟಡಕ್ಕೆ ಬೆಲೆ ಕಟ್ಟಿದವರು ಇವುಗಳಿಗೆ ಯಾವ ದರ ಹಾಕಿದರೋ!

ಸ್ಥಳೀಯ ನಿಸರ್ಗಪ್ರಿಯರೂ ಖಗೋಳಾಸಕ್ತರೂ ಒಟ್ಟಾಗಿ ವಿರೋಧಿಸಿದರು. ವಿಚಾರಣೆ, ಅರ್ಜಿ, ಸಭೆಗಳು ವರ್ಷಗಟ್ಟಲೆ ನಡೆದವು. 2009ರಲ್ಲಿ ಪಾರಂಪರಿಕ ರಕ್ಷಣೆ ದೊರೆಯಿತು. ಕೊನೆಗೆ ರಾಜಿಯಾಯಿತು: ಪೂರ್ವದ ಪಾಲಿನಲ್ಲಿ ಮನೆಗಳು, ಪಶ್ಚಿಮದ ಸುಮಾರು 99 ಎಕರೆ ಊರಿಗೆ. ಇದನ್ನು ಪೂರ್ಣ ಗೆಲುವೆನ್ನಲಾಗದು, ಅರ್ಧ ಕಾಡು ಹೋಯಿತು. ಆದರೆ ಜನರು ಸುಮ್ಮನಿದ್ದಿದ್ದರೆ ಉಳಿದರ್ಧವೂ ಇರುತ್ತಿರಲಿಲ್ಲ. 2019ರಲ್ಲಿ ಅದು ರಾಷ್ಟ್ರೀಯ ಐತಿಹಾಸಿಕ ತಾಣವೆಂದು ಘೋಷಿತವಾಯಿತು.

ಈಗ ಆ ಗುಡ್ಡ ಸಾರ್ವಜನಿಕ ಉದ್ಯಾನ. ಹಗಲು ಅಲ್ಲಿ ಜನ ಮರಗಳ ನಡುವೆ ನಡೆದಾಡುತ್ತಾರೆ. ಪೂರ್ವದ ಬದಿಯಲ್ಲಿ ಹೊಸ ಮನೆಗಳ ದೀಪಗಳು ಹೊತ್ತಿಕೊಳ್ಳುವ ಹೊತ್ತಿಗೆ, ಆ ಬಿಳಿಯ ಗುಮ್ಮಟದ ಕೆಳಗೆ 1935ರ ಅದೇ ಕನ್ನಡಿ ಇದೆ.