ಯಾರ ಕಮ್ಯುನಿಕೇಶನ್ ವೀಕ್?

(ತ್ಯಾವಣಿಗೆಯ ಯುವಜನರೆದುರು ಆಡಿದ ಮಾತುಗಳ ಬರಹರೂಪ)



ನಾನು ಭಾಷಣ ಬಿಗಿಯಲು ಬಂದಿಲ್ಲ. ಕೆಲಸ ಕೇಳಿಕೊಂಡು ಬ್ಯಾಂಕಿನ ಬಾಗಿಲಿಗೆ ಹೋಗಿ ಬಂದ ನಮ್ಮ ಹುಡುಗ ಹುಡುಗಿಯರ ಕತೆ ಹೇಳಲು ಬಂದಿದ್ದೇನೆ. ಅದರಲ್ಲಿ ನನ್ನದೂ ಒಂದು.

ಪದವಿ ಮುಗಿಸಿದ ವರ್ಷ ಖಾಸಗಿ ಬ್ಯಾಂಕೊಂದರ ಗ್ರಾಹಕ ಸೇವೆಯ ಹುದ್ದೆಗೆ ಸಂದರ್ಶನದ ಕರೆ ಬಂತು. ಇಸ್ತ್ರಿ ಅಂಗಿ, ಅಣ್ಣನ ಬೂಟು ತೊಟ್ಟು ಬೆಳಗಿನ ಬಸ್ಸಿಗೆ ದಾವಣಗೆರೆಗೆ ಹೋದೆ. ಒಳಗೆ ಮೂವರು ಕೂತಿದ್ದರು. ನಿನ್ನ ಬಗ್ಗೆ ಹೇಳು ಎಂದರು, ಇಂಗ್ಲಿಷಿನಲ್ಲಿ. ಬಾಯಿಪಾಠ ಒಪ್ಪಿಸಿದೆ. ಆಮೇಲಿನ ಪ್ರಶ್ನೆ: ಸಿಟ್ಟಿಗೆದ್ದ ಗ್ರಾಹಕ ಬಂದರೆ ಏನು ಮಾಡುತ್ತೀ?

ನನಗೆ ಉತ್ತರ ಗೊತ್ತಿತ್ತು! ಅಡಿಕೆ ದುಡ್ಡು ಖಾತೆಗೆ ಬಿದ್ದಿಲ್ಲವೆಂದು ಕೂಗಾಡುವ ನಮ್ಮೂರ ಯಜಮಾನರನ್ನು ಮೊದಲು ಕೂರಿಸಬೇಕು. ನೀರು ಕೊಡಬೇಕು. ಪಾಸ್‌ಬುಕ್ ಬಿಚ್ಚಿ ಸಾಲು ಸಾಲಾಗಿ ಓದಿ ಹೇಳಬೇಕು. 'ಕನ್ನಡದಲ್ಲಿ ಹೇಳಲೇ?' ಎಂದೆ. ಮೂವರಲ್ಲಿ ಇಬ್ಬರಿಗೆ ಕನ್ನಡವೇ ಬಾರದು! ಕೊನೆಗೆ ಸಿಕ್ಕ ತೀರ್ಪು: 'ಕಮ್ಯುನಿಕೇಶನ್ ವೀಕ್.'

ಯಾರ ಕಮ್ಯುನಿಕೇಶನ್ ವೀಕ್, ಗೆಳೆಯರೇ?

ನನ್ನ ನಂತರ ಒಳಹೋದ ಹುಡುಗಿಗೆ ಕೇಳಿದ್ದು ಇನ್ನೂ ಸೊಗಸು: ನಿನ್ನ ನೆಂಟರಿಷ್ಟರಿಂದ ಎಷ್ಟು ಖಾತೆ ತೆರೆಸುತ್ತೀ? ಅಂದರೆ ಕೆಲಸ ಸಿಗಲು ಇಂಗ್ಲಿಷ್ ಬೇಕು, ಖಾತೆ ತೆರೆಯಲು ಮಾತ್ರ ಕನ್ನಡದ ನೆಂಟರು ಬೇಕು!

ಬ್ಯಾಂಕ್ ಕಟ್ಟುವುದನ್ನು ನಮಗೆ ಯಾರೂ ಕಲಿಸಬೇಕಿಲ್ಲ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, 1913ರಲ್ಲಿ ಮೈಸೂರು ಬ್ಯಾಂಕ್, 1931ರಲ್ಲಿ ವಿಜಯಾ ಬ್ಯಾಂಕ್ ಹುಟ್ಟಿದ್ದು ಈ ನೆಲದಲ್ಲಿ. ಮೈಸೂರು ಬ್ಯಾಂಕ್ 2017ರಲ್ಲಿ, ವಿಜಯಾ ಬ್ಯಾಂಕ್ 2019ರಲ್ಲಿ ವಿಲೀನವಾಗಿ ಹೆಸರೇ ಅಳಿಸಿಹೋಯಿತು. ಹೆಸರು ಹೋಯಿತು, ಸರಿ. ಕೌಂಟರಿನ ಮಾತೂ ಹೋಗಬೇಕೆ?

ಸರ್ಕಾರಿ ಬ್ಯಾಂಕುಗಳಲ್ಲಿ ಗುಮಾಸ್ತರ ಸಂದರ್ಶನ 2016ರಿಂದ ನಿಂತಿದೆ. ಬರಹದ ಪರೀಕ್ಷೆಯೇ ಎಲ್ಲ. ಆ ಪರೀಕ್ಷೆ ಬಹುಕಾಲ ಇಂಗ್ಲಿಷ್, ಹಿಂದಿಯಲ್ಲೇ ಇತ್ತು. ಕನ್ನಡಿಗರು ಬೀದಿಗಿಳಿದು ಕೇಳಿದರು. 2021ರ ಸೆಪ್ಟೆಂಬರ್‌ನಲ್ಲಿ ಕೇಂದ್ರದ ಹಣಕಾಸು ಸಚಿವಾಲಯ ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ಗುಮಾಸ್ತರ ಪರೀಕ್ಷೆ ನಡೆಸಲು ಹೇಳಿತು. ಇದು ಯಾರೋ ಹಾಕಿದ ಭಿಕ್ಷೆಯಲ್ಲ, ಕೇಳಿ ಪಡೆದ ಹಕ್ಕು.

ಇನ್ನೊಂದು ಹಕ್ಕಿದೆ, ಹಲವರಿಗೆ ಗೊತ್ತಿಲ್ಲ. ಸ್ಟೇಟ್ ಬ್ಯಾಂಕಿನ ಗುಮಾಸ್ತರ ನೇಮಕದಲ್ಲಿ ಅಭ್ಯರ್ಥಿಗೆ ಆಯಾ ರಾಜ್ಯದ ಭಾಷೆ ಓದಲು, ಬರೆಯಲು, ಮಾತಾಡಲು, ಅರ್ಥಮಾಡಿಕೊಳ್ಳಲು ಬರಬೇಕು. ಶಾಲೆಯಲ್ಲಿ ಆ ಭಾಷೆ ಓದಿದ್ದಕ್ಕೆ ಅಂಕಪಟ್ಟಿ ತೋರಿಸದವರಿಗೆ ಭಾಷಾ ಪರೀಕ್ಷೆ. ಆ ಪರೀಕ್ಷೆ ನಾಲ್ಕು ಸಾಲಿನ ಶಾಸ್ತ್ರವಾಗಬಾರದು. ಅಜ್ಜಿಗೆ ಪಿಂಚಣಿ ಅರ್ಜಿ ತಿಳಿಸಿಕೊಡಲು ಬರುತ್ತದೆಯೇ ಎಂದು ನೋಡಬೇಕು.

ಅಧಿಕಾರಿಗಳ ಐಬಿಪಿಎಸ್ ಪರೀಕ್ಷೆ ಮಾತ್ರ ಇಂಗ್ಲಿಷ್, ಹಿಂದಿಯಲ್ಲೇ ಉಳಿದಿದೆ. 2025ರ ಮೇ ತಿಂಗಳಲ್ಲಿ ಆನೇಕಲ್ ತಾಲ್ಲೂಕಿನ ಸೂರ್ಯನಗರದ ಸ್ಟೇಟ್ ಬ್ಯಾಂಕ್ ಶಾಖೆಯಲ್ಲಿ ಕನ್ನಡ ಮಾತಾಡುವುದಿಲ್ಲ ಎಂದ ವ್ಯವಸ್ಥಾಪಕರ ಸುದ್ದಿ ನೀವೆಲ್ಲ ನೋಡಿದ್ದೀರಿ. ಮುಖ್ಯಮಂತ್ರಿ ಖಂಡಿಸಿದರು, ವರ್ಗಾವಣೆಯಾಯಿತು. ಒಬ್ಬರನ್ನು ಎತ್ತಂಗಡಿ ಮಾಡಿದರೆ ಮುಗಿಯಿತೇ? ನೇಮಕದ ಬಾಗಿಲಲ್ಲೇ ಕೇಳಬೇಕಾದ ಪ್ರಶ್ನೆಯನ್ನು ಕೌಂಟರಿನಲ್ಲಿ ನಿಂತ ಗ್ರಾಹಕ ಕೇಳುವಂತಾಗಿದೆ. ತಪ್ಪು ಇರುವುದು ಅಲ್ಲಿ.

ಹಾಗಂತ ಇಂಗ್ಲಿಷ್ ಬೇಡ ಎನ್ನುತ್ತಿಲ್ಲ. ಕಲಿಯಿರಿ, ಚೆನ್ನಾಗಿ ಕಲಿಯಿರಿ. ಗುಮಾಸ್ತರ ಪರೀಕ್ಷೆಯಲ್ಲೂ ಇಂಗ್ಲಿಷಿನ ಒಂದು ಭಾಗ ಇದ್ದೇ ಇದೆ. ಆದರೆ ಪರೀಕ್ಷೆ ಬರೆಯುವಾಗ ಭಾಷೆಯ ಆಯ್ಕೆಯಲ್ಲಿ ಕನ್ನಡವನ್ನೇ ಒತ್ತಿರಿ. ಸಂದರ್ಶನದಲ್ಲಿ 'ಕನ್ನಡ ನನ್ನ ಅರ್ಹತೆ' ಎಂದು ತಲೆಯೆತ್ತಿ ಹೇಳಿರಿ. ಅರ್ಜಿ ಹಾಕದೆ ಮನೆಯಲ್ಲಿ ಕೂತು ಪರಭಾಷಿಕರನ್ನು ಬೈದರೆ ಕುರ್ಚಿ ನಮ್ಮದಾಗದು.

ನನಗೆ ಆ ಕೆಲಸ ಸಿಗಲಿಲ್ಲ. ಆ ಯಜಮಾನರಿಗೆ ಪಾಸ್‌ಬುಕ್ ಓದಿ ಹೇಳುವವರೂ ಸಿಗಲಿಲ್ಲ. ನಷ್ಟ ಬರೀ ನನ್ನದಲ್ಲ.

ಸಿರಿಗನ್ನಡಂ ಗೆಲ್ಗೆ!