ಗಂತಿನಲ್ಲಿ ಕಳೆಯುವ ಹೊತ್ತು



ಉತ್ಸವಗಳ ಮತ್ತು ಕ್ರೀಡಾಕೂಟಗಳ ನಿರ್ವಹಣೆ, ಅವುಗಳ ನಾಳೆ ಎಂಬ ವಿಷಯ ಕೊಟ್ಟಿದ್ದೀರಿ. ವಿಷಯ ದೊಡ್ಡದು. ಎಲ್ಲವನ್ನೂ ಮುಟ್ಟಲು ಹೋದರೆ ಯಾವುದೂ ಕೈಗೆ ಸಿಗಲಿಕ್ಕಿಲ್ಲ. ಆದ್ದರಿಂದ ಕೆಸರಿನಲ್ಲಿ ಕೋಣ ಓಡಿಸುವ ನಮ್ಮ ಕರಾವಳಿಯ ಕಂಬಳವೊಂದನ್ನೇ ಹಿಡಿದುಕೊಂಡು ಬಂದಿದ್ದೇನೆ. ಅದು ದೈವದ ಹೆಸರಿನಲ್ಲಿ ನಡೆಯುವ ಹಬ್ಬವೂ ಹೌದು, ಸೆಕೆಂಡಿನ ನೂರನೇ ಒಂದು ಭಾಗಕ್ಕೆ ಸೋಲು ಗೆಲುವು ತೀರ್ಮಾನವಾಗುವ ಸ್ಪರ್ಧೆಯೂ ಹೌದು.

2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಜಲ್ಲಿಕಟ್ಟು ಮತ್ತು ಎತ್ತಿನ ಗಾಡಿ ಓಟಗಳನ್ನು ನಿಷೇಧಿಸಿ ಕೊಟ್ಟ ತೀರ್ಪಿನ ಬಿಸಿ ಕಂಬಳಕ್ಕೂ ತಟ್ಟಿತು. 2016ರ ನವೆಂಬರಿನಲ್ಲಿ ಹೈಕೋರ್ಟಿನ ಮಧ್ಯಂತರ ತಡೆ ಬಂದಾಗ ಕೋಣಗಳು ಹಟ್ಟಿಯಲ್ಲೇ ಉಳಿದವು. ಮರುವರ್ಷದ ಜನವರಿಯಲ್ಲಿ ಮೂಡುಬಿದಿರೆಯಲ್ಲಿ ಜನ ಕೋಣಗಳ ಸಮೇತ ಬೀದಿಗೆ ಬಂದರು. ರಾಜ್ಯ ಸರ್ಕಾರ ಪ್ರಾಣಿ ಹಿಂಸೆ ತಡೆ ಕಾಯ್ದೆಗೆ ತಿದ್ದುಪಡಿ ತಂದಿತು. ಕೊನೆಗೆ 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಜಲ್ಲಿಕಟ್ಟಿನೊಂದಿಗೆ ಕಂಬಳದ ತಿದ್ದುಪಡಿಯನ್ನೂ ಎತ್ತಿ ಹಿಡಿಯಿತು. ಊರೂರಲ್ಲಿ ಪಟಾಕಿ ಹೊಡೆದೆವು. ಸಂತೋಷಪಡುವ ಸಂಗತಿಯೇ. ಆದರೆ ಆ ದಿನದಿಂದ ಹೊಣೆ ನ್ಯಾಯಾಲಯದ ಹೆಗಲಿನಿಂದ ಇಳಿದು ನಮ್ಮ ಹೆಗಲಿಗೆ ಬಂತು. ನಾನು ಇವತ್ತು ಹೇಳಬೇಕೆಂದಿರುವುದು ಆ ಹೊಣೆಯ ಬಗ್ಗೆ.

ಇಲ್ಲಿ ಘಟ್ಟದ ಮೇಲಿನವರೇ ಹೆಚ್ಚು ಮಂದಿ ಇದ್ದೀರಿ. ಕಂಬಳವೆಂದರೆ ಟಿವಿಯಲ್ಲಿ ಕಾಣುವ ಅರ್ಧ ನಿಮಿಷದ ಓಟವಷ್ಟೇ ಎಂದು ನಿಮ್ಮಲ್ಲಿ ಕೆಲವರಿಗಾದರೂ ಅನಿಸಿರಬಹುದು. ಹಳೆಯ ಸಂಪ್ರದಾಯದ ಕಂಬಳ ಊರಿನ ಹಿರಿಯ ಮನೆತನಗಳ, ಅಂದರೆ ಗುತ್ತಿನ ಮನೆಯ, ಬೀಡಿನ ಗದ್ದೆಯಲ್ಲಿ ನಡೆಯುತ್ತದೆ. ಗದ್ದೆಯ ನಡುವೆ ಪೂಕರೆ ಎಂಬ ಅಡಿಕೆ ಮರದ ಕಂಬ ನಿಲ್ಲಿಸುತ್ತಾರೆ, ನಾಗನಿಗೂ ದೈವಕ್ಕೂ ಸಲ್ಲಬೇಕಾದ್ದು ಸಲ್ಲುತ್ತದೆ, ಆಮೇಲೆ ಕೋಣ ಇಳಿಯುತ್ತದೆ. ಕುಂದಾಪುರದ ಕಡೆಯ ವಂಡಾರು ಕಂಬಳ ಈ ಬಗೆಯದು. ಅಲ್ಲಿ ಜನ ಹರಕೆ ಹೊತ್ತು ಬರುತ್ತಾರೆ. ಕಾರ್ಕಳ, ಮೂಡುಬಿದಿರೆ, ಪುತ್ತೂರು, ಉಪ್ಪಿನಂಗಡಿಗಳಲ್ಲಿ ನಡೆಯುವುದು ಜೋಡುಕರೆ ಕಂಬಳ. ಓಟದ ಕೆಸರು ದಾರಿಗೆ ನಾವು ಕರೆ ಎನ್ನುತ್ತೇವೆ. ಎರಡು ಕರೆ ಅಕ್ಕಪಕ್ಕ, ಪ್ರತಿಯೊಂದಕ್ಕೂ ಹೆಸರು: ಮೂಡುಬಿದಿರೆಯಲ್ಲಿ ಕೋಟಿ–ಚೆನ್ನಯ, ಐಕಳದಲ್ಲಿ ಕಾಂತಾಬಾರೆ–ಬೂದಾಬಾರೆ, ಉಪ್ಪಿನಂಗಡಿಯಲ್ಲಿ ವಿಜಯ–ವಿಕ್ರಮ. ಕೋಣ ಬಿಡುವ ತುದಿ ಗಂತು. ಓಡಿ ಮುಟ್ಟುವ ಏರಿನ ತುದಿ ಮಂಜೊಟ್ಟಿ.

ವಿಭಾಗಗಳು ಆರು: ಹಗ್ಗ ಹಿರಿಯ, ಹಗ್ಗ ಕಿರಿಯ, ನೇಗಿಲು ಹಿರಿಯ, ನೇಗಿಲು ಕಿರಿಯ, ಅಡ್ಡ ಹಲಗೆ, ಕನೆ ಹಲಗೆ. ಕನೆ ಹಲಗೆಯ ಬಗ್ಗೆ ಎರಡು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಅಲ್ಲಿ ವೇಗದ ಪೈಪೋಟಿ ಇಲ್ಲ. ನೊಗಕ್ಕೆ ಕಟ್ಟಿದ ದಪ್ಪ ಮರದ ತುಂಡು, ಅದರಲ್ಲಿ ಎರಡು ತೂತು. ಓಟಗಾರ ಅದರ ಮೇಲೆ ಒಂದು ಕಾಲೂರಿ ನಿಲ್ಲುತ್ತಾನೆ. ಕೋಣಗಳು ಎಳೆದುಕೊಂಡು ಓಡುವಾಗ ಆ ತೂತುಗಳಿಂದ ನೀರು ಚಿಮ್ಮಿ ಮೇಲೇಳಬೇಕು. ಕರೆಯ ಮೇಲೆ ಅಡ್ಡವಾಗಿ ಕಟ್ಟಿದ ಬಿಳಿ ಬಟ್ಟೆಯೇ ನಿಶಾನೆ. ಆರೂವರೆ ಕೋಲು, ಏಳೂವರೆ ಕೋಲು ಎಂದು ಎತ್ತರದ ಲೆಕ್ಕ. ಬಟ್ಟೆ ಒದ್ದೆಯಾದರೆ ಗೆದ್ದಂತೆ, ಮುಟ್ಟಿದ ಪ್ರತಿ ಜೊತೆಗೂ ಗೌರವ. ಎದುರಾಳಿಯೇ ಇಲ್ಲದ ಇಂಥ ಸ್ಪರ್ಧೆಯನ್ನು ಗದ್ದೆಯ ಜನ ಕಟ್ಟಿದರಲ್ಲ, ಅದನ್ನು ನೆನೆದಾಗಲೆಲ್ಲ ನನಗೆ ಹೆಮ್ಮೆ.

ಈಗ ನಿರ್ವಹಣೆಯ ಮಾತಿಗೆ ಬರೋಣ. ಜೋಡುಕರೆ ಕಂಬಳದ ಈವತ್ತಿನ ದೊಡ್ಡ ಕಾಯಿಲೆ ಹೊತ್ತು. ಬೆಳಿಗ್ಗೆ ಉದ್ಘಾಟನೆಯಾದ ಕಂಬಳ ಮರುದಿನ ಬೆಳಿಗ್ಗೆ, ಕೆಲವೊಮ್ಮೆ ಮರುದಿನ ಮಧ್ಯಾಹ್ನದವರೆಗೂ ಎಳೆಯುತ್ತದೆ. ಇದನ್ನು ಇಪ್ಪತ್ತನಾಲ್ಕು ಗಂಟೆಯೊಳಗೆ ಮುಗಿಸಬೇಕೆಂಬ ಮಾತು ಕಂಬಳದ ವಲಯದಲ್ಲೇ ಬಹಳ ದಿನದಿಂದ ಇದೆ. ಯಾಕೆ ಮುಗಿಯುವುದಿಲ್ಲ? ಒಂದು ಸರಳ ಲೆಕ್ಕ ಹಾಕಿ ನೋಡಿ. ನೂರೈವತ್ತು ಜೊತೆ ಕೋಣ ಬಂದಿವೆ ಎಂದಿಟ್ಟುಕೊಳ್ಳಿ. ಒಂದೊಂದು ಓಟಕ್ಕೆ ಒಂದೊಂದು ಜೊತೆ ಸೋತು ಹೊರಬಿದ್ದರೆ ಸುಮಾರು ನೂರೈವತ್ತು ಓಟ. ಕನೆ ಹಲಗೆಯ ಲೆಕ್ಕ ಬೇರೆ, ಅದನ್ನು ಸದ್ಯ ಬಿಡಿ. ಒಂದು ಓಟಕ್ಕೆ 13 ಸೆಕೆಂಡು ಹಿಡಿದರೆ ಎಲ್ಲ ಓಟ ಸೇರಿ 33 ನಿಮಿಷವೂ ಆಗುವುದಿಲ್ಲ. ಅಂದರೆ ಇಪ್ಪತ್ತನಾಲ್ಕು ಗಂಟೆಯ ಕಂಬಳದಲ್ಲಿ ಓಟ ಅರ್ಧ ಗಂಟೆ, ಮಿಕ್ಕ ಇಪ್ಪತ್ತಮೂರೂವರೆ ಗಂಟೆ ಕಾಯುವುದು.

ಕಾಯುವುದು ಹೆಚ್ಚಾಗಿ ಗಂತಿನಲ್ಲಿ. ಒಂದು ಜೊತೆ ಬಂದು ನಿಂತಿದೆ, ಎದುರಿನದು ಬಂದಿಲ್ಲ. ಬಂದರೆ ಕೋಣ ಮುಖ ತಿರುಗಿಸುತ್ತದೆ. ಸರಿ ಮಾಡಿ ನಿಲ್ಲಿಸುವಷ್ಟರಲ್ಲಿ ಪಕ್ಕದ್ದು ಬೆದರುತ್ತದೆ. ಒಂದೊಂದು ಜೊತೆಯ ಸುತ್ತ ಹತ್ತು ಹದಿನೈದು ಜನ, ಎಲ್ಲರೂ ಕೂಗುವವರೇ. ಅಷ್ಟರಲ್ಲಿ ವೇದಿಕೆಯಿಂದ ಮೈಕು: ಗಣ್ಯರು ಬಂದಿದ್ದಾರೆ, ಸನ್ಮಾನ ಇದೆ, ಓಟ ಸ್ವಲ್ಪ ನಿಲ್ಲಿಸಿ. ನಿಲ್ಲಿಸಿದ ಆ ಹತ್ತು ನಿಮಿಷದ ಬೆಲೆ ತೆರುವುದು ನೊಗ ಹೊತ್ತು ನಿಂತ ಕೋಣ. ಅದಕ್ಕೆ ಬೆವರುವ ಶಕ್ತಿ ಬಹಳ ಕಡಿಮೆ, ಕಪ್ಪು ಚರ್ಮ ಬಿಸಿಲನ್ನೆಲ್ಲ ಹೀರಿಕೊಳ್ಳುತ್ತದೆ. ನೀರು ನೆರಳು ಬೇಡುವ ಜೀವ ಅದು. ಹಾಗೆಂದು ಕಂಬಳವನ್ನು ಸೂರ್ಯ ಮುಳುಗುವುದರೊಳಗೆ ಮುಗಿಸಿಬಿಡಿ ಎಂದು ನಾನು ಹೇಳುವುದಿಲ್ಲ. ಫೆಬ್ರವರಿ, ಮಾರ್ಚಿನ ಮಧ್ಯಾಹ್ನಕ್ಕಿಂತ ರಾತ್ರಿಯ ತಂಪಿನಲ್ಲಿ ಓಡುವುದೇ ಕೋಣಕ್ಕೆ ಹಿತ. ರಾತ್ರಿ ಓಡಿಸುವುದರಲ್ಲಿ ತಪ್ಪಿಲ್ಲ, ರಾತ್ರಿಯಿಡೀ ನಿಲ್ಲಿಸುವುದು ತಪ್ಪು.

ಸೋಲು ಗೆಲುವನ್ನು ತೀರ್ಮಾನಿಸಲು ಮಂಜೊಟ್ಟಿಯಲ್ಲಿ ಲೇಸರ್ ಕಿರಣ ಬಂದು ವರ್ಷಗಳಾದವು. ಯಾವ ಕೋಣದ ಮೂತಿ ಮೊದಲು ಬಂತು ಎಂಬ ಜಗಳಗಳು ಅದರಿಂದ ಎಷ್ಟೋ ತಗ್ಗಿದವು. ಓಟ ಮುಗಿಯುವ ತುದಿಗೆ ತಂದ ಶಿಸ್ತನ್ನು ಓಟ ಶುರುವಾಗುವ ತುದಿಗೆ ಯಾಕೆ ತರಬಾರದು? ಯಾರ ಎದುರು ಯಾರು ಎಂಬ ಪಟ್ಟಿ ಮೊದಲೇ ಸಿದ್ಧವಾಗಲಿ, ಹಟ್ಟಿಯ ಹತ್ತಿರವೇ ಹಚ್ಚಲಿ. ಹೆಸರು ಕೂಗಿದ ಮೇಲೆ ಇಷ್ಟು ನಿಮಿಷ ಎಂದು ಗಡಿಯಾರ ಓಡಲಿ, ಹೊತ್ತು ಮೀರಿದರೆ ಎಷ್ಟೇ ದೊಡ್ಡ ಯಜಮಾನರ ಕೋಣವಾದರೂ ಸೋತಂತೆ. ಗಂತಿನಲ್ಲಿ ಪಶುವೈದ್ಯರೊಬ್ಬರು ಇರಲಿ, ಕಾಯಿಸಿ ಸುಸ್ತಾದ ಜೊತೆಯನ್ನು ಮರಳಿ ಕಳಿಸುವ ಅಧಿಕಾರ ಅವರಿಗಿರಲಿ, ಆ ಮಾತಿನ ಮೇಲೆ ಮೇಲ್ಮನವಿ ಬೇಡ. ಸನ್ಮಾನಗಳನ್ನು ಉದ್ಘಾಟನೆಗೆ ಮುಂಚೆ ಮುಗಿಸಿಕೊಳ್ಳಬಹುದು. ಗಣ್ಯರಿಗೆ ಬೇಸರವಾದರೆ ಆಗಲಿ.

ಗಂತಿನ ತಡಕ್ಕೆ ಇನ್ನೊಂದು ಕಾರಣವಿದೆ. ಅದನ್ನು ವೇದಿಕೆಯ ಮೇಲಿನವರು ಅಷ್ಟಾಗಿ ಮಾತಾಡುವುದಿಲ್ಲ. ಒಳ್ಳೆಯ ಓಟಗಾರರು ಬೆರಳೆಣಿಕೆಯಷ್ಟು. ಒಬ್ಬನೇ ಹಲವು ಯಜಮಾನರ ಕೋಣಗಳನ್ನು, ಬೇರೆ ಬೇರೆ ವಿಭಾಗಗಳಲ್ಲಿ ಓಡಿಸುತ್ತಾನೆ. ಮಂಜೊಟ್ಟಿ ಮುಟ್ಟಿ, ಕೆಸರು ಒರೆಸಿಕೊಂಡು, ಮತ್ತೆ ಗಂತಿಗೆ ನಡೆದು ಬರುವವರೆಗೆ ಮುಂದಿನ ಜೊತೆ ಕಾಯಬೇಕು. ಅವನಿಗೂ ದಣಿವಾಗುತ್ತದೆ. ನಿದ್ದೆ ಬಿಟ್ಟು, ಬರಿಗಾಲಲ್ಲಿ, ನೂರಾರು ಕಿಲೋ ತೂಗುವ ಎರಡು ಪ್ರಾಣಿಗಳ ಹಿಂದೆ ಓಡುವವನು ಜಾರಿ ಬಿದ್ದರೆ ಏನಾಗುತ್ತದೆ ಎಂದು ನೋಡಿದವರಿಗೆ ಗೊತ್ತು.

2020ರ ಫೆಬ್ರವರಿಯಲ್ಲಿ ಐಕಳದ ಕರೆಯಲ್ಲಿ ಓಟಗಾರ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಮುಗಿಸಿದರು. ನೂರು ಮೀಟರಿಗೆ ಇಳಿಸಿದರೆ 9.56. ಉಸೇನ್ ಬೋಲ್ಟ್ ದಾಖಲೆ 9.58. ದೇಶವೆಲ್ಲ ಹುಚ್ಚೆದ್ದು ಕುಣಿಯಿತು, ಕೇಂದ್ರದ ಕ್ರೀಡಾ ಸಚಿವರು ಅವರನ್ನು ಟ್ರಯಲ್ಸ್‌ಗೆ ಕರೆದರು. ಕೆಲವೇ ದಿನಗಳಲ್ಲಿ ವೇಣೂರಿನಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟಿ ಅದಕ್ಕಿಂತ ವೇಗವಾಗಿ ಓಡಿದರೆಂದು ಸುದ್ದಿಯಾಯಿತು. ಗೌಡರು ಟ್ರಯಲ್ಸ್‌ಗೆ ಹೋಗಲಿಲ್ಲ. ಅದು ವಿವೇಕದ ತೀರ್ಮಾನ ಎಂದು ನಾನು ಭಾವಿಸುತ್ತೇನೆ. ಕಂಬಳದ ಓಟಗಾರನ ವೇಗದಲ್ಲಿ ಕೋಣಗಳ ಎಳೆತವೂ ಸೇರಿರುತ್ತದೆ. ಆ ಎಳೆತಕ್ಕೆ ಹೆಜ್ಜೆ ಹೊಂದಿಸಿ, ಕೆಸರಿನಲ್ಲಿ ಸಮತೋಲ ತಪ್ಪದೆ, ಎರಡೂ ಕೋಣಗಳನ್ನು ಸಮವಾಗಿ ತರುವುದು ಬೇರೆಯೇ ವಿದ್ಯೆ. ಒಲಿಂಪಿಕ್ಸ್ ಪಟ್ಟಿಗೆ ಹೋಲಿಸಿ ಅದನ್ನು ದೊಡ್ಡದು ಮಾಡಬೇಕಾಗಿಲ್ಲ, ಅದು ಹಾಗೆಯೇ ದೊಡ್ಡದು.

ಆದರೆ ಆ ಗಲಾಟೆಯಲ್ಲಿ ಒಂದು ಪ್ರಶ್ನೆ ಮಾತ್ರ ಯಾರೂ ಎತ್ತಲಿಲ್ಲ: ಕಂಬಳವಿಲ್ಲದ ಮಳೆಗಾಲದಲ್ಲಿ ಇವರು ಏನು ಕೆಲಸ ಮಾಡುತ್ತಾರೆ? ಹೆಚ್ಚಿನವರು ಕೂಲಿ, ಕಟ್ಟಡ ಕೆಲಸ, ಬೇಸಾಯ ಮಾಡಿ ಬದುಕುವವರು. ಮರುದಿನ ಪತ್ರಿಕೆಯ ಫಲಿತಾಂಶ ನೋಡಿ. ಮೊದಲು ಯಜಮಾನರ ಹೆಸರು, ಅದರ ಕೆಳಗೆ ‘ಓಡಿಸಿದವರು’ ಎಂದೋ ‘ಹಲಗೆ ಮುಟ್ಟಿದವರು’ ಎಂದೋ ಇವರ ಹೆಸರು. ಬಹುಮಾನದ ಎರಡು ಪವನ್ ಚಿನ್ನ ಹೋಗುವುದು ಯಜಮಾನರಿಗೆ. ಉದಾರಿಗಳಾದ ಯಜಮಾನರು ಇದ್ದಾರೆ, ಓಟಗಾರನನ್ನು ಮನೆಯ ಮಗನಂತೆ ನೋಡಿಕೊಳ್ಳುವವರಿದ್ದಾರೆ. ಉದಾರತೆಯನ್ನು ನಂಬಿಕೊಂಡು ಒಂದು ಕ್ರೀಡೆ ನಡೆಯಬಾರದು ಅಷ್ಟೇ. ಒಂದು ಕಂಬಳದಲ್ಲಿ ಒಬ್ಬ ಓಟಗಾರ ಇಷ್ಟೇ ಜೊತೆ ಓಡಿಸಬೇಕು ಎಂಬ ಮಿತಿ, ಬಿದ್ದರೆ ಆಸ್ಪತ್ರೆಯ ಖರ್ಚಿಗೆ ವಿಮೆ, ಬಹುಮಾನದಲ್ಲಿ ನಿಗದಿಯಾದ ಪಾಲು, ಇವು ನಿಯಮವಾಗಿ ಬರಬೇಕು. ಮಿತಿ ಹಾಕಿದರೆ ಓಟಗಾರರು ಸಾಲುವುದಿಲ್ಲ ಎನ್ನುವುದು ನಿಜ. ಅದಕ್ಕೆ ಮಿಯಾರಿನಲ್ಲಿ ಗುಣಪಾಲ ಕಡಂಬರು ಕಟ್ಟಿದ ಕಂಬಳ ಅಕಾಡೆಮಿ ದಾರಿ ತೋರಿಸಿದೆ. ಯುವಕರನ್ನು ಆರಿಸಿ, ದೇಹ ಪಳಗಿಸಿ, ಕೋಣದೊಂದಿಗೆ ಬೆರೆಯುವುದನ್ನು ಅಲ್ಲಿ ಕಲಿಸಿದ್ದಾರೆ. ಶ್ರೀನಿವಾಸ ಗೌಡರೂ ಅಲ್ಲಿ ಕಲಿತವರೇ. ಅಂಥದ್ದು ಇನ್ನೂ ನಾಲ್ಕು ಕಡೆ ಎದ್ದರೆ ಗಂತಿನ ತಡವೂ ಅರ್ಧ ಇಳಿಯುತ್ತದೆ.

ಇನ್ನೊಂದು ಮಾತನ್ನು ಬಿಟ್ಟು ಮುಂದೆ ಹೋದರೆ ಅನ್ಯಾಯ. ಹಿಂದೆ ಕಂಬಳದ ಮುನ್ನಾ ರಾತ್ರಿ ಕೊರಗ ಸಮುದಾಯದವರು ಗದ್ದೆಯ ಬಳಿ ಡೋಲು ಬಡಿಯುತ್ತ ಎಚ್ಚರವಿರಬೇಕಿತ್ತು. ಕೋಣ ಇಳಿಯುವ ಮೊದಲು ಅವರನ್ನು ಕರೆಯಲ್ಲಿ ಓಡಿಸುತ್ತಿದ್ದರು, ಕೆಸರಿನಲ್ಲಿ ಮುಳ್ಳೋ ಗಾಜೋ ಇದ್ದರೆ ಅವರ ಕಾಲಿಗೆ ಚುಚ್ಚಲಿ ಎಂದು. ಅಜಲು ಎಂಬ ಈ ಅಮಾನುಷ ಪದ್ಧತಿಯನ್ನು ರಾಜ್ಯ 2000ದಲ್ಲಿ ಕಾಯ್ದೆ ಮಾಡಿ ನಿಷೇಧಿಸಿತು. ಅದು ಸಂಪ್ರದಾಯ, ಕೈಹಚ್ಚಿದರೆ ದೈವ ಮುನಿಯುತ್ತದೆ ಎಂದವರು ಆಗಲೂ ಇದ್ದರು. ಕಂಬಳ ನಿಂತಿತೇ? ಇನ್ನೂ ದೊಡ್ಡದಾಯಿತು. ಬದಲಾವಣೆಯ ಮಾತೆತ್ತಿದ ಕೂಡಲೇ ಸಂಪ್ರದಾಯದ ಗುರಾಣಿ ಹಿಡಿಯುವವರಿಗೆ ನಾನು ಇದನ್ನೇ ನೆನಪಿಸುತ್ತೇನೆ. ಕಂಬಳದ ಸಮಿತಿಗಳಲ್ಲಿ ಆ ಸಮುದಾಯದವರಿಗೆ ಕುರ್ಚಿ ಸಿಕ್ಕಿದೆಯೇ ಎಂಬ ಪ್ರಶ್ನೆಯನ್ನೂ ಕೇಳಬೇಕು.

2023ರ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಕಂಬಳ ನಡೆಯಿತು. ನೂರಕ್ಕೂ ಹೆಚ್ಚು ಜೊತೆ ಕೋಣಗಳು ಲಾರಿಯಲ್ಲಿ ಘಟ್ಟ ಹತ್ತಿದವು. ದಾರಿಯಲ್ಲಿ ಹಾಸನದಲ್ಲಿ ಇಳಿಸಿ, ಮೇವು ನೀರು ಕೊಟ್ಟು, ದಣಿವಾರಿಸಿ ಕರೆತಂದರು. ಆ ಎಚ್ಚರವನ್ನು ಮೆಚ್ಚಬೇಕು. ಊರು ಬಿಟ್ಟು ರಾಜಧಾನಿಯಲ್ಲಿ ದುಡಿಯುವ ನಮ್ಮ ಮಕ್ಕಳು ಅಲ್ಲಿ ಕೋಣದ ಮೈ ಮುಟ್ಟಿ ಕುಣಿದದ್ದೂ ನಿಜ. ಒಮ್ಮೆ ನಡೆದರೆ ಅದು ಸಂಭ್ರಮ. ಪ್ರತಿ ವರ್ಷ, ಪ್ರತಿ ನಗರದಲ್ಲಿ ಎಂದಾದರೆ ನನ್ನ ವಿರೋಧವಿದೆ. ನವೆಂಬರಿನಿಂದ ಮಾರ್ಚ್ ಕೊನೆಯವರೆಗೆ ವಾರ ವಾರವೂ ಕಂಬಳ ಇದ್ದೇ ಇದೆ. ಅದರ ನಡುವೆ ಏಳುನೂರು ಕಿಲೋಮೀಟರಿನ ಹೋಗಿಬರುವ ಪ್ರಯಾಣ ತುರುಕಿದರೆ ಕೋಣ ಎಲ್ಲಿ ಮಲಗಬೇಕು? ಮಣ್ಣನ್ನು ತಂದು ಸುರಿದು, ಟ್ಯಾಂಕರಿನ ನೀರು ಬಿಟ್ಟು ಮಾಡಿದ ಕರೆಗೆ ಹಿಂದೆ ಮುಂದೆ ಭತ್ತದ ಬೆಳೆ ಇರುವುದಿಲ್ಲ.

ಬೆಳೆಯ ಮಾತು ಬಂದದ್ದರಿಂದ ಹೇಳುತ್ತೇನೆ. ಕರಾವಳಿಯ ಗದ್ದೆಗಳು ಅಡಿಕೆ ತೋಟವಾದವು, ರಬ್ಬರಾದವು, ಸೈಟುಗಳಾದವು. ಉಳುವ ಕೆಲಸ ಟಿಲ್ಲರಿಗೆ ಹೋಯಿತು. ಈಗ ಓಟದ ಕೋಣಗಳನ್ನು ಸಾಕುವುದು ಕಂಬಳಕ್ಕಾಗಿಯೇ. ಹುರುಳಿ, ಎಣ್ಣೆ ತಿಕ್ಕುವುದು, ಈಜಲು ಕೊಳ, ನೋಡಿಕೊಳ್ಳಲು ಆಳು, ಇಷ್ಟೆಲ್ಲ ತೂಗಿಸಬಲ್ಲವರು ಕೆಲವರೇ. ಜೋಡುಕರೆಯ ಚಿನ್ನ, ಹೊನಲು ಬೆಳಕು, ನೇರ ಪ್ರಸಾರ ಇವೆಲ್ಲ ಆ ಕೆಲವರ ನಡುವಿನ ಪೈಪೋಟಿಯಾಗಿ ಮುಗಿದರೆ ಸಣ್ಣ ರೈತ ಕರೆಯ ಬದಿಯಲ್ಲಿ ನಿಂತು ನೋಡುವವನಾಗುತ್ತಾನೆ. ಅತ್ತ ಹರಕೆಯ ಸಣ್ಣ ಕಂಬಳಗಳಿಗೆ ಪ್ರಾಯೋಜಕರಿಲ್ಲ, ಕ್ಯಾಮೆರಾ ಇಲ್ಲ. ಅಲ್ಲಿ ಮನೆಯ ಉಳುವ ಕೋಣವೂ ಇಳಿಯುತ್ತದೆ, ಹೆಂಗಸರು ಮಕ್ಕಳು ಗದ್ದೆಯ ಬದುವಿನ ಮೇಲೆ ಕೂತು ನೋಡುತ್ತಾರೆ, ಕತ್ತಲಾಗುವ ಮೊದಲು ಎಲ್ಲರೂ ಮನೆ ಸೇರುತ್ತಾರೆ. ಮರುವಾರ ಅದೇ ಗದ್ದೆಯಲ್ಲಿ ಬಿತ್ತನೆ. ಸರ್ಕಾರ ಕಂಬಳಕ್ಕೆಂದು ಕೊಡುವ ಹಣದಲ್ಲಿ ಇವುಗಳಿಗೆ ಪಾಲು ಬೇಕು. ಕಂಬಳದ ಗದ್ದೆಯನ್ನು ಗದ್ದೆಯಾಗಿಯೇ ಉಳಿಸುವ ಮನೆತನಕ್ಕೆ ವರ್ಷಕ್ಕಿಷ್ಟು ಎಂದು ನೆರವು ಬೇಕು.

ಪ್ರತಿ ಋತುವಿಗೂ ಮುಂಚೆ ಕಂಬಳದವರು ಸೇರಿ ಆ ವರ್ಷದ ದಿನಾಂಕಗಳ ಪಟ್ಟಿ ಮಾಡುತ್ತಾರೆ. ನಾನು ಇಷ್ಟು ಹೊತ್ತು ಹೇಳಿದ್ದೆಲ್ಲ ಆ ಒಂದು ಸಭೆಯಲ್ಲಿ ತೀರ್ಮಾನವಾಗಬಹುದಾದ ಸಂಗತಿಗಳು: ಎಷ್ಟು ಕಂಬಳ, ಎರಡರ ನಡುವೆ ಎಷ್ಟು ದಿನದ ಬಿಡುವು, ಒಂದು ಕರೆಗೆ ಎಷ್ಟು ಜೊತೆ, ಗಂತಿನಲ್ಲಿ ಎಷ್ಟು ನಿಮಿಷ. ಆ ಸಭೆಗೆ ಇಬ್ಬರು ಓಟಗಾರರನ್ನೂ ಒಬ್ಬ ಪಶುವೈದ್ಯರನ್ನೂ ಮತ ಹಾಕುವ ಹಕ್ಕಿನೊಂದಿಗೆ ಕೂರಿಸಿ ಎಂದು ನಾನು ಕೇಳುತ್ತಿದ್ದೇನೆ. ನಿಮ್ಮಲ್ಲಿ ಕರಾವಳಿಯ ನಂಟಿರುವವರು ಊರಿಗೆ ಹೋದಾಗ ಇದನ್ನೇ ಕೇಳಿ.